ಕಡತದ ಹಾದಿ ಎಲ್ಲಿಂದ ಹೊರಡಬೇಕು?

ಕನ್ನಡ ಪಠ್ಯವನ್ನು ಸಂಸ್ಕರಿಸುವ ಸಣ್ಣ ಪ್ರೋಗ್ರಾಮುಗಳನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಬರೆದು, ಅವು ಸರಿಯಾಗಿ ಕೆಲಸ ಮಾಡುತ್ತಿವೆಯೇ ಎಂದು ಪರೀಕ್ಷಿಸಲು ಹೊರಟ ಭಾಷಾ ವಿದ್ಯಾರ್ಥಿಯನ್ನು ಮೊದಲು ಎಡವಿಸುವುದು ವ್ಯಾಕರಣವೂ ಅಲ್ಲ, ತರ್ಕವೂ ಅಲ್ಲ, ಕಡತದ ಹಾದಿ. ಕಣ್ಣೆದುರಿನ ಫೋಲ್ಡರಿನಲ್ಲಿಯೇ ಇರುವ ಕಡತವನ್ನು ಕುರಿತು ಗಣಕಯಂತ್ರವು ‘ಅಂಥ ಕಡತವಾಗಲಿ ಫೋಲ್ಡರಾಗಲಿ ಇಲ್ಲ’ ಎಂಬರ್ಥದ ಸಂದೇಶವನ್ನು ಕೆಂಪಕ್ಷರಗಳಲ್ಲಿ ತೋರಿಸುತ್ತದೆ. ಇದ್ದದ್ದನ್ನು ಇಲ್ಲವೆನ್ನುವ ಯಂತ್ರದೊಡನೆ ವಾದಿಸುವುದು ಹೇಗೆಂದು ತಿಳಿಯದೆ, ‘ಇದು ನಮಗೆ ಒಗ್ಗುವ ವಿದ್ಯೆಯಲ್ಲ’ ಎಂದು ಐಚ್ಛಿಕ ಕನ್ನಡದ ವಿದ್ಯಾರ್ಥಿಯು ಅಲ್ಲಿಗೇ ಕೈಬಿಡುವ ಸಂಭವ ಹೆಚ್ಚು. ಆದರೆ ಈ ತೊಡಕು ಮೂಲತಃ ವಿಳಾಸದ ತೊಡಕು. ಮಾತು ಯಾರಿಂದ, ಎಲ್ಲಿ ನಿಂತು ಹೊರಟಿತು ಎಂಬುದರ ತೊಡಕು. ಅದನ್ನು ಅರ್ಥಮಾಡಿಕೊಳ್ಳಲು ಬೇಕಾದ ಸಾಮಗ್ರಿ ಭಾಷಾ ವಿದ್ಯಾರ್ಥಿಯ ಬಳಿ ಈಗಾಗಲೇ ಇದೆ. ಅದನ್ನು ಕಂಪ್ಯೂಟರ್ ವಿಭಾಗದ ಗೆಳೆಯರಿಗೆ ವಹಿಸಿ ಕುಳಿತುಕೊಳ್ಳುವುದು ಕನ್ನಡಕ್ಕೆ ನಷ್ಟ.

ನಷ್ಟವೆಂಬ ಮಾತನ್ನು ಒಂದು ಉದಾಹರಣೆಯಿಂದ ವಿವರಿಸಬಹುದು. ಎರಡು ಪದಗಳನ್ನು ಕೊಟ್ಟರೆ ಸಂಧಿ ಮಾಡಿ ಒಂದು ಪದವನ್ನು ಹಿಂದಿರುಗಿಸುವ ಒಂದು ಪ್ರೋಗ್ರಾಮಿದೆ ಎಂದು ಭಾವಿಸೋಣ. ಅದಕ್ಕೆ ‘ಊರು’, ‘ಅಲ್ಲಿ’ ಎಂಬ ಪದಗಳನ್ನು ಕೊಟ್ಟರೆ ‘ಊರಲ್ಲಿ’ ಬರಬೇಕು. ‘ಹೂ’, ‘ಅನ್ನು’ ಕೊಟ್ಟರೆ ‘ಹೂವನ್ನು’. ‘ಮಳೆ’, ‘ಕಾಲ’ ಕೊಟ್ಟರೆ ‘ಮಳೆಗಾಲ’. ಇಂತಹ ಒಂದೊಂದು ನಿರೀಕ್ಷೆಯನ್ನೂ ಬರೆದಿಟ್ಟು, ಪ್ರೋಗ್ರಾಮಿನ ಒಂದೊಂದು ಭಾಗವನ್ನೂ ಪ್ರತ್ಯೇಕವಾಗಿ ಓಡಿಸಿ, ಬಂದ ಉತ್ತರವನ್ನು ನಿರೀಕ್ಷಿತ ಉತ್ತರದೊಡನೆ ಹೋಲಿಸಿ ನೋಡುವುದಕ್ಕೆ ಯೂನಿಟ್ ಟೆಸ್ಟ್, ಅಂದರೆ ಘಟಕ ಪರೀಕ್ಷೆ ಎಂದು ಹೆಸರು. ಪ್ರೋಗ್ರಾಮನ್ನು ಯಾರು ಬೇಕಾದರೂ ಬರೆಯಬಹುದು. ಆದರೆ ‘ಅಯ್ಯೋ ಇದೇನು’ ಎಂಬಲ್ಲಿ ಸಂಧಿ ಆಗಕೂಡದು, ಅದು ಪ್ರಕೃತಿಭಾವ ಎಂದು ಬಲ್ಲವರೇ ಅದರ ಪರೀಕ್ಷೆಯನ್ನು ಬರೆಯಬೇಕು. ಹಾದಿ ತಪ್ಪಿದ ಒಂದು ಕಡತದ ಕಾರಣದಿಂದ ಅಂಥವರು ಹಿಂದೆ ಸರಿದರೆ, ಕನ್ನಡ ತಂತ್ರಾಂಶದ ಸರಿತಪ್ಪುಗಳನ್ನು ನಿರ್ಣಯಿಸುವ ಅಧಿಕಾರ ಕನ್ನಡ ವ್ಯಾಕರಣ ತಿಳಿಯದವರ ಕೈಯಲ್ಲಿ ಉಳಿಯುತ್ತದೆ.

ಈ ಉದಾಹರಣೆಯ ಕಡತಗಳು ಹೀಗೆ ಜೋಡಣೆಯಾಗಿವೆ ಎನ್ನೋಣ: ‘ಸಂಧಿಕಾರ್ಯ’ ಎಂಬ ಮುಖ್ಯ ಫೋಲ್ಡರು, ಅದರೊಳಗೆ ಪ್ರೋಗ್ರಾಮ್ ಇರುವ ‘ಮೂಲ’, ಪರೀಕ್ಷೆಗಳಿರುವ ‘ಪರೀಕ್ಷೆ’ ಎಂಬ ಎರಡು ಫೋಲ್ಡರುಗಳು, ‘ಪರೀಕ್ಷೆ’ಯೊಳಗೆ ‘ದತ್ತ’ ಎಂಬ ಇನ್ನೊಂದು, ಅದರಲ್ಲಿ ‘ಲೋಪ’, ‘ಆಗಮ’, ‘ಆದೇಶ’ ಎಂಬ ಮೂರು ಪಠ್ಯಕಡತಗಳು, ಒಂದೊಂದರಲ್ಲಿಯೂ ಸಾಲುಸಾಲಾಗಿ ಉದಾಹರಣೆಗಳು. ಪರೀಕ್ಷೆಯ ಕಡತವು ಎರಡು ಕಡೆಗೆ ಕೈಚಾಚಬೇಕಾಗುತ್ತದೆ. ಒಂದು, ಪಕ್ಕದ ‘ಮೂಲ’ದಿಂದ ಪ್ರೋಗ್ರಾಮನ್ನು ತರಿಸಿಕೊಳ್ಳಬೇಕು. ಇನ್ನೊಂದು, ತನ್ನ ಬಳಿಯ ‘ದತ್ತ’ದಿಂದ ಉದಾಹರಣೆಗಳನ್ನು ಓದಿಕೊಳ್ಳಬೇಕು. ಎಡವಟ್ಟು ಹುಟ್ಟುವುದು ಇಲ್ಲಿಯೇ.

ಹಾದಿಯ ಮೊದಲಲ್ಲಿ ಒಂದು ಚುಕ್ಕಿ, ಒಂದು ಓರೆಗೆರೆ ಬಂದರೆ ‘ಇಲ್ಲಿಂದ’ ಎಂದರ್ಥ. ಎರಡು ಚುಕ್ಕಿ, ಒಂದು ಓರೆಗೆರೆ ಬಂದರೆ ‘ಒಂದು ಫೋಲ್ಡರಿನಷ್ಟು ಹೊರಗೆ ಹೋಗಿ ಅಲ್ಲಿಂದ’ ಎಂದರ್ಥ. ಪ್ರಶ್ನೆ ಇರುವುದು ‘ಇಲ್ಲಿ’ ಎಂದರೆ ಎಲ್ಲಿ ಎಂಬುದರಲ್ಲಿ. ನೋಡ್ ಜೆಎಸ್‌ನಲ್ಲಿ ಈ ಒಂದೇ ಗುರುತಿಗೆ ಎರಡು ಅರ್ಥಗಳಿವೆ. ರಿಕ್ವೈರ್ ಅಥವಾ ಇಂಪೋರ್ಟ್ ಎಂಬ ಪದಗಳಿಂದ ಇನ್ನೊಂದು ಪ್ರೋಗ್ರಾಮ್ ಕಡತವನ್ನು ಕರೆದಾಗ ‘ಇಲ್ಲಿ’ ಎಂದರೆ ಆ ಸಾಲು ಬರೆದಿರುವ ಕಡತ ಇರುವ ಫೋಲ್ಡರು. ಅದೇ ಸಾಲಿನ ಕೆಳಗೆ, ಎಫ್‌ಎಸ್ ಎಂಬ ಕಡತವ್ಯವಹಾರದ ಘಟಕದಿಂದ ರೀಡ್‌ಫೈಲ್ ಎಂದು ಹೇಳಿ ಪಠ್ಯಕಡತವೊಂದನ್ನು ಓದಲು ಹೊರಟರೆ ‘ಇಲ್ಲಿ’ ಎಂದರೆ ಪ್ರೋಗ್ರಾಮನ್ನು ಓಡಿಸಿದ ವ್ಯಕ್ತಿ ಆ ಹೊತ್ತಿಗೆ ಟರ್ಮಿನಲ್ಲಿನಲ್ಲಿ ನಿಂತಿದ್ದ ಫೋಲ್ಡರು. ಮೊದಲನೆಯದು ಬರೆದವನ ‘ಇಲ್ಲಿ’, ಎರಡನೆಯದು ಓಡಿಸಿದವನ ‘ಇಲ್ಲಿ’. ಗುರುತು ಒಂದೇ ಆದುದರಿಂದ ಎರಡೂ ಒಂದೇ ಎಂದು ಓದುಗನು ನಂಬುತ್ತಾನೆ. ಜಾವಾಸ್ಕ್ರಿಪ್ಟ್ ಪರೀಕ್ಷೆಗಳಲ್ಲಿ ಕಾಣುವ ಹಾದಿಯ ದೋಷಗಳಲ್ಲಿ ಬಹುಪಾಲು ಈ ಒಂದು ನಂಬಿಕೆಯಿಂದ ಹುಟ್ಟಿದವು.

ಗಡಿನಾಡಿನ ಕನ್ನಡ ವಿದ್ಯಾರ್ಥಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲಿ ಕುಳಿತು ‘ಗಡಿಯಾಚೆಯ ಕನ್ನಡಿಗರು’ ಎಂದು ಬರೆದರೆ ಅದು ಮಂಜೇಶ್ವರಕ್ಕೂ ಕಾಸರಗೋಡಿಗೂ ಅನ್ವಯಿಸುತ್ತದೆ. ಅದೇ ಮಾತನ್ನು ಮಂಜೇಶ್ವರದಲ್ಲಿ ಕುಳಿತು ಓದಿದರೆ ಗಡಿಯಾಚೆ ಎಂಬುದು ತಲಪಾಡಿಯಿಂದ ಬಡಗಣ ದಿಕ್ಕಿಗೆ ಇರುವ ನಾಡಾಗುತ್ತದೆ. ವಾಕ್ಯ ಬದಲಾಗಿಲ್ಲ, ಓದುವವನು ನಿಂತ ನೆಲ ಬದಲಾಗಿದೆ. ವ್ಯಾಕರಣದಲ್ಲಿ ‘ಇದು’, ‘ಅದು’, ‘ಇತ್ತ’, ‘ಅತ್ತ’ ಎಂಬ ನಿರ್ದೇಶಕ ಪದಗಳು ವಕ್ತೃವಿನ ನೆಲೆಯನ್ನು ಅವಲಂಬಿಸಿರುವಂತೆಯೇ ಸಾಪೇಕ್ಷ ಹಾದಿಯೂ ಒಂದು ನೆಲೆಯನ್ನು ಅವಲಂಬಿಸಿದೆ. ಆ ನೆಲೆ ಯಾವುದೆಂದು ನಿಶ್ಚಯಿಸದೆ ಬರೆದ ಹಾದಿ ಅರ್ಧ ವಾಕ್ಯ.

ಇನ್ನು ಪರೀಕ್ಷೆ ಓಡಿಸುವವನು ಎಲ್ಲಿ ನಿಂತಿರುತ್ತಾನೆ? ಒಂದೇ ಕಡೆ ಅಲ್ಲ ಎಂಬುದೇ ಕಷ್ಟ. ಎನ್‌ಪಿಎಂ ಮೂಲಕ ಪರೀಕ್ಷೆಯನ್ನು ಓಡಿಸಿದರೆ ಅದು ಪ್ಯಾಕೇಜಿನ ಮುಖ್ಯ ಫೋಲ್ಡರಿನಲ್ಲಿ ನಿಂತು ಓಡುತ್ತದೆ; ವಿದ್ಯಾರ್ಥಿ ಒಳಗಿನ ಯಾವ ಫೋಲ್ಡರಿನಿಂದ ಆದೇಶ ಕೊಟ್ಟರೂ ಹಾಗೆಯೇ. ‘ಪರೀಕ್ಷೆ’ ಫೋಲ್ಡರಿನೊಳಗೆ ಹೋಗಿ ನೋಡ್ ಆದೇಶದಿಂದ ನೇರವಾಗಿ ಓಡಿಸಿದರೆ ಅದು ಆ ಫೋಲ್ಡರಿನಲ್ಲಿ ನಿಂತಂತೆ. ಸಂಪಾದಕ ತಂತ್ರಾಂಶದ ಗುಂಡಿಯನ್ನು ಒತ್ತಿ ಓಡಿಸಿದರೆ ಅದು ನಿಲ್ಲುವ ನೆಲೆ ಆ ತಂತ್ರಾಂಶದ ಸಂಯೋಜನೆಯಂತೆ ಬೇರೆಯಾಗಬಹುದು. ಹೀಗಾಗಿ ‘ಇಲ್ಲಿಂದ ದತ್ತ, ಅಲ್ಲಿಂದ ಆಗಮ’ ಎಂದು ಬರೆದ ಹಾದಿ ಒಬ್ಬ ವಿದ್ಯಾರ್ಥಿನಿಯ ಕೈಯಲ್ಲಿ ತೇರ್ಗಡೆಯಾಗುತ್ತದೆ, ಅದೇ ಕಡತವನ್ನು ಪಡೆದ ಅವಳ ಸಹಪಾಠಿಯ ಕೈಯಲ್ಲಿ ಸೋಲುತ್ತದೆ. ಸಂದೇಶದಲ್ಲಿ ಅನೇಕ ಸಲ ಕಾಣುವುದು ಬರೆದಂತೆಯೇ ಇರುವ ಸಾಪೇಕ್ಷ ಹಾದಿ ಮಾತ್ರ; ಯಂತ್ರ ಎಲ್ಲಿ ಹುಡುಕಿತು ಎಂಬ ಪೂರ್ಣ ವಿಳಾಸವನ್ನು ಆಗ ಅದು ಹೇಳುವುದಿಲ್ಲ. ಆದುದರಿಂದ ದೋಷ ಕಂಡೊಡನೆ ಮಾಡಬೇಕಾದ ಮೊದಲ ಕೆಲಸ ಕಡತವನ್ನು ಅತ್ತಿತ್ತ ಸರಿಸುವುದಲ್ಲ. ಪ್ರೋಸೆಸ್ ಡಾಟ್ ಸಿಡಬ್ಲ್ಯೂಡಿ ಎಂಬುದನ್ನು ಮುದ್ರಿಸಿ ಯಂತ್ರ ನಿಂತಿರುವ ನೆಲೆಯನ್ನು ಕಣ್ಣಾರೆ ಕಾಣುವುದು. ಪಾತ್ ಘಟಕದ ರಿಸಾಲ್ವ್ ಎಂಬ ಕ್ರಿಯೆಗೆ ಆ ಸಾಪೇಕ್ಷ ಹಾದಿಯನ್ನು ಕೊಟ್ಟು ಮುದ್ರಿಸಿದರೆ ಹುಡುಕಾಟ ನಡೆದ ಪೂರ್ಣ ವಿಳಾಸವೂ ದೊರೆಯುತ್ತದೆ. ಎರಡು ಸಾಲಿನ ಈ ತಪಾಸಣೆ ಅರ್ಧ ದಿನದ ಊಹೆಯನ್ನು ಉಳಿಸುತ್ತದೆ.

ಇಲ್ಲಿ ರೂಢಿಯಲ್ಲಿರುವ ಕೆಲವು ಮದ್ದುಗಳ ಬಗ್ಗೆ ಕಟುವಾಗಿಯೇ ಹೇಳಬೇಕಾಗಿದೆ. ಮೊದಲನೆಯದು, ಡ್ರೈವಿನ ಹೆಸರಿನಿಂದ ಆರಂಭಿಸಿ ಬಳಕೆದಾರನ ಹೆಸರನ್ನೂ ಒಳಗೊಂಡ ಪೂರ್ಣ ವಿಳಾಸವನ್ನು ಪರೀಕ್ಷೆಯೊಳಗೆ ಬರೆದುಬಿಡುವುದು. ಅದು ಜಗತ್ತಿನ ಒಂದು ಯಂತ್ರದಲ್ಲಿ ಮಾತ್ರ ಸತ್ಯ. ಆ ಯಂತ್ರದಲ್ಲಿಯೂ ಫೋಲ್ಡರನ್ನು ಸ್ಥಳಾಂತರಿಸುವವರೆಗೆ ಮಾತ್ರ ಸತ್ಯ. ಎರಡನೆಯದು, ‘ಇಂಥ ಫೋಲ್ಡರಿನಲ್ಲಿ ನಿಂತೇ ಓಡಿಸತಕ್ಕದ್ದು’ ಎಂದು ಸೂಚನಾಪತ್ರ ಬರೆದಿಡುವುದು. ಸೂಚನಾಪತ್ರಗಳನ್ನು ಓದುವವರು ಎಷ್ಟು ಮಂದಿ ಎಂಬುದನ್ನು ಗ್ರಂಥಾಲಯದ ಸಿಬ್ಬಂದಿಯನ್ನು ಕೇಳಿದರೆ ಸಾಕು. ಮೂರನೆಯದು, ಪ್ರೋಗ್ರಾಮಿನೊಳಗಿನಿಂದಲೇ ಚ್‌ಡಿರ್ ಎಂಬ ಕ್ರಿಯೆಯಿಂದ ನಿಂತ ನೆಲೆಯನ್ನು ಬದಲಿಸುವುದು. ಇದು ಜಾಣತನದಂತೆ ತೋರುತ್ತದೆ, ಆದರೆ ಆ ಬದಲಾವಣೆ ಇಡೀ ಪ್ರಕ್ರಿಯೆಗೆ ಅನ್ವಯಿಸುವುದರಿಂದ ಅದೇ ಪ್ರಕ್ರಿಯೆಯಲ್ಲಿ ಮುಂದೆ ಓಡುವ ಇತರ ಪರೀಕ್ಷೆಗಳ ನೆಲವೂ ಕುಸಿಯುತ್ತದೆ. ಅಲ್ಲದೆ ವರ್ಕರ್ ಥ್ರೆಡ್ಡುಗಳೊಳಗೆ ನೋಡ್ ಆ ಕ್ರಿಯೆಯನ್ನು ಒದಗಿಸುವುದೇ ಇಲ್ಲ. ಈ ಮೂರರ ಸಮಾನ ದೋಷವೆಂದರೆ ಹಾದಿಯ ಆಧಾರವನ್ನು ಕಡತದ ಹೊರಗೆ ಇಡುವುದು.

ಸರಿಯಾದ ಪರಿಹಾರ ಸರಳವಾಗಿದೆ: ಹಾದಿ ಪರೀಕ್ಷಾಕಡತದ ಸ್ವಂತ ನೆಲೆಯಿಂದ ಹೊರಡಬೇಕು. ಹಳೆಯ ಕಾಮನ್ ಜೆಎಸ್ ಪದ್ಧತಿಯಲ್ಲಿ ಪ್ರತಿಯೊಂದು ಕಡತಕ್ಕೂ ತಾನಿರುವ ಫೋಲ್ಡರಿನ ಪೂರ್ಣ ವಿಳಾಸ, ಎರಡು ಅಡಿಗೆರೆಗಳಿಂದ ಆರಂಭವಾಗುವ ‘ಡರ್‌ನೇಮ್’ ಎಂಬ ಹೆಸರಿನಲ್ಲಿ ತಿಳಿದಿರುತ್ತದೆ. ಪಾತ್ ಘಟಕದ ಜಾಯ್ನ್ ಎಂಬ ಕ್ರಿಯೆಯಿಂದ ಆ ಡರ್‌ನೇಮ್, ‘ದತ್ತ’, ‘ಆಗಮ’ ಎಂಬ ತುಂಡುಗಳನ್ನು ಜೋಡಿಸಿದರೆ ಓಡಿಸುವವನು ಎಲ್ಲಿಯೇ ನಿಂತಿರಲಿ, ಹಾದಿ ಬದಲಾಗುವುದಿಲ್ಲ. ಇಎಸ್ ಮಾಡ್ಯೂಲ್ ಎಂಬ ಹೊಸ ಪದ್ಧತಿಯಲ್ಲಿ ಡರ್‌ನೇಮ್ ಇಲ್ಲ. ಹಳೆಯ ಪಾಠ ನೋಡಿ ಬರೆದವರು ‘ಡರ್‌ನೇಮ್ ವ್ಯಾಖ್ಯಾನಗೊಂಡಿಲ್ಲ’ ಎಂಬ ಇನ್ನೊಂದು ದೋಷಕ್ಕೆ ಸಿಲುಕುವುದು ಇದರಿಂದ. ಅಲ್ಲಿ ಇಂಪೋರ್ಟ್ ಡಾಟ್ ಮೆಟಾ ಡಾಟ್ ಯುಆರ್‌ಎಲ್ ಎಂಬುದು ಕಡತದ ವಿಳಾಸವನ್ನು ಕೊಡುತ್ತದೆ. ನೋಡ್ 20.11ನೆಯ ಆವೃತ್ತಿಯಿಂದ ಇಂಪೋರ್ಟ್ ಡಾಟ್ ಮೆಟಾ ಡಾಟ್ ಡರ್‌ನೇಮ್ ಎಂಬುದೂ ಬಂದಿರುವುದರಿಂದ ಕೆಲಸ ಇನ್ನೂ ಹಗುರವಾಗಿದೆ.

ತುಂಡುಗಳನ್ನು ಕೈಯಿಂದ ಅಂಟಿಸದೆ ಜಾಯ್ನ್ ಕ್ರಿಯೆಗೆ ಬಿಡಬೇಕೆನ್ನುವುದಕ್ಕೂ ಕಾರಣವಿದೆ. ವಿಂಡೋಸ್‌ನಲ್ಲಿ ಫೋಲ್ಡರುಗಳ ನಡುವೆ ಹಿಂದಕ್ಕೆ ಬಾಗಿದ ಗೆರೆ ಬರುತ್ತದೆ. ಆ ಗೆರೆಗೆ ಜಾವಾಸ್ಕ್ರಿಪ್ಟ್ ಪಠ್ಯದೊಳಗೆ ಬೇರೆಯೇ ವಿಶೇಷಾರ್ಥವಿದೆ. ರೋಮನ್ ಲಿಪಿಯ ಎನ್ ಅಕ್ಷರದ ಹಿಂದೆ ಬಂದರೆ ಅದು ಹೊಸ ಸಾಲಾಗುತ್ತದೆ, ಟಿ ಅಕ್ಷರದ ಹಿಂದೆ ಬಂದರೆ ಟ್ಯಾಬ್ ಆಗುತ್ತದೆ. ಕನ್ನಡ ಅಕ್ಷರದ ಹಿಂದೆ ಬಂದರೆ ಗೆರೆ ಸದ್ದಿಲ್ಲದೆ ಮಾಯವಾಗುತ್ತದೆ. ‘ದತ್ತ\ಆಗಮ’ ಎಂದು ಬರೆದದ್ದನ್ನು ಯಂತ್ರ ‘ದತ್ತಆಗಮ’ ಎಂದು ಓದಿಕೊಳ್ಳುತ್ತದೆ. ಸಂಧಿಯನ್ನು ಪರೀಕ್ಷಿಸಲು ಹೊರಟ ಪ್ರೋಗ್ರಾಮಿನ ಹಾದಿಯಲ್ಲಿಯೇ ಪದಗಳು ಹೀಗೆ ಸಂಧಿಯೂ ಇಲ್ಲದೆ ವಿರಾಮವೂ ಇಲ್ಲದೆ ಅಂಟಿಕೊಳ್ಳುವುದು ವಿನೋದವೇ ಸರಿ. ಸವರ್ಣದೀರ್ಘವನ್ನಾದರೂ ಮಾಡಿ ‘ದತ್ತಾಗಮ’ ಎಂದಿದ್ದರೆ ಕ್ಷಮಿಸಬಹುದಿತ್ತು.

ಕನ್ನಡ ಹೆಸರಿನ ಕಡತಗಳ ಪ್ರಶ್ನೆ ಇಲ್ಲಿಂದ ಆರಂಭವಾಗುತ್ತದೆ. ಹಾದಿಯ ತೊಂದರೆ ಕಂಡೊಡನೆ ದೊರೆಯುವ ಅತಿ ಸುಲಭದ ಉಪದೇಶವೆಂದರೆ ‘ಕನ್ನಡದಲ್ಲಿ ಹೆಸರಿಡಬೇಡಿ, ಇಂಗ್ಲಿಷಿನಲ್ಲಿ ಇಡಿ’ ಎಂಬುದು. ಈ ಉಪದೇಶ ಕಾರಣವನ್ನು ಹುಡುಕುವುದಿಲ್ಲ; ಅನುಮಾನ ಬಂದ ಮನೆಯವರನ್ನೇ ಊರು ಬಿಡಿಸುತ್ತದೆ. ಕನ್ನಡ ಲಿಪಿಗೆ ಯೂನಿಕೋಡ್‌ನ ಮೊದಲ ಆವೃತ್ತಿಯಿಂದಲೇ, ಅಂದರೆ 1991ರಿಂದಲೇ, ಸ್ಥಾನವಿದೆ. ಇಂದಿನ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರೂ ಕನ್ನಡ ಕಡತನಾಮಗಳನ್ನು ಸ್ವೀಕರಿಸುತ್ತವೆ. ತೊಂದರೆ ಬರುವುದು ನಿರ್ದಿಷ್ಟವಾದ ಕೆಲವು ಕಡೆಗಳಲ್ಲಿ. ಅವನ್ನು ಹೆಸರಿಸಿ ತಿದ್ದಬಹುದು.

ಅವುಗಳಲ್ಲಿ ಒಂದು ಈಗತಾನೆ ಹೇಳಿದ ಯುಆರ್‌ಎಲ್ ವಿಳಾಸ. ಅದರಿಂದ ಪಾತ್‌ನೇಮ್ ಎಂಬ ಭಾಗವನ್ನು ಕಿತ್ತು ಕಡತದ ಹಾದಿಯಾಗಿ ಬಳಸುವ ರೂಢಿ ವ್ಯಾಪಕವಾಗಿದೆ. ರೋಮನ್ ಅಕ್ಷರಗಳ ಹೆಸರಿದ್ದರೆ ಲಿನಕ್ಸ್‌ನಲ್ಲಿ ಅದು ನಡೆದುಹೋಗುತ್ತದೆ. ಆದಕಾರಣ ತಪ್ಪು ಗೊತ್ತಾಗುವುದೇ ಇಲ್ಲ. ಆದರೆ ಯುಆರ್‌ಎಲ್‌ನೊಳಗೆ ಕನ್ನಡದ ಪ್ರತಿಯೊಂದು ಯೂನಿಕೋಡ್ ಸಂಕೇತವೂ ಮೂರು ಬೈಟುಗಳಾಗಿ, ಒಂದೊಂದು ಬೈಟೂ ಶೇಕಡಾ ಚಿಹ್ನೆಯೊಡನೆ ಎರಡು ಅಂಕಾಕ್ಷರಗಳಾಗಿ ವೇಷ ಬದಲಿಸುತ್ತದೆ. ‘ಆಗಮ’ ಎಂಬ ಮೂರಕ್ಷರದ ಹೆಸರು ಇಪ್ಪತ್ತೇಳು ಚಿಹ್ನೆಗಳ ಸಾಲಾಗುತ್ತದೆ. ಆ ಹೆಸರಿನ ಕಡತ ನಿಜಕ್ಕೂ ಎಲ್ಲಿಯೂ ಇಲ್ಲ. ಯಂತ್ರ ‘ಇಲ್ಲ’ ಎಂದದ್ದು ಸತ್ಯವೇ. ಫೋಲ್ಡರಿನ ಹೆಸರಿನಲ್ಲಿ ಒಂದು ಖಾಲಿ ಜಾಗವಿದ್ದರೂ ಇದೇ ಗತಿ. ನೋಡ್‌ನ ಯುಆರ್‌ಎಲ್ ಘಟಕದಲ್ಲಿರುವ ಫೈಲ್ ಯುಆರ್‌ಎಲ್ ಟು ಪಾತ್ ಎಂಬ ಕ್ರಿಯೆ ಈ ವೇಷವನ್ನು ಕಳಚಿ ನಿಜವಾದ ಹಾದಿಯನ್ನು ಕೊಡುತ್ತದೆ; ಅಥವಾ ಯುಆರ್‌ಎಲ್ ವಸ್ತುವನ್ನು ಹಾಗೆಯೇ ರೀಡ್‌ಫೈಲ್‌ಗೆ ಒಪ್ಪಿಸಬಹುದು. ದೋಷ ಕನ್ನಡದ್ದಲ್ಲ, ಅಡ್ಡದಾರಿಯದು ಎಂಬುದು ಇದರಿಂದ ಸ್ಪಷ್ಟ. ಕನ್ನಡ ಹೆಸರು ಆ ಅಡ್ಡದಾರಿಯನ್ನು ಬಯಲಿಗೆಳೆಯಿತು ಅಷ್ಟೆ.

ಇನ್ನೊಂದು ಕಡೆ ಹೆಚ್ಚು ಸೂಕ್ಷ್ಮವಾಗಿದೆ, ಮತ್ತು ಇದನ್ನು ಕನ್ನಡ ಓದಿದವರೇ ಬೇಗ ಗ್ರಹಿಸಬಲ್ಲರು. ‘ಕೋಶ’ ಎಂಬ ಪದವನ್ನು ಯೂನಿಕೋಡ್‌ನಲ್ಲಿ ಎರಡು ರೀತಿಯಲ್ಲಿ ಬರೆಯಬಹುದು. ಕಕಾರ, ಓಕಾರದ ಚಿಹ್ನೆ, ಶಕಾರ ಎಂದು ಮೂರು ಸಂಕೇತಗಳಲ್ಲಿ ಬರೆಯುವುದು ಒಂದು. ಓಕಾರದ ಚಿಹ್ನೆಯನ್ನು ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘಚಿಹ್ನೆ ಎಂದು ಮೂರಾಗಿ ಬಿಡಿಸಿ ಒಟ್ಟು ಐದು ಸಂಕೇತಗಳಲ್ಲಿ ಬರೆಯುವುದು ಇನ್ನೊಂದು. ಪರದೆಯ ಮೇಲೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಕೂಡಿಸಿದ ರೂಪಕ್ಕೆ ಎನ್‌ಎಫ್‌ಸಿ, ಬಿಡಿಸಿದ ರೂಪಕ್ಕೆ ಎನ್‌ಎಫ್‌ಡಿ ಎಂದು ಹೆಸರು. ಮ್ಯಾಕ್‌ನ ಹಳೆಯ ಕಡತವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಈಗಿನ ವ್ಯವಸ್ಥೆ ಎರಡನ್ನೂ ಒಂದೆಂದು ಎಣಿಸುತ್ತದೆ. ಲಿನಕ್ಸ್ ಸಾಮಾನ್ಯವಾಗಿ ಬೈಟುಗಳನ್ನಷ್ಟೇ ನೋಡುವುದರಿಂದ ಅದಕ್ಕೆ ಇವು ಎರಡು ಬೇರೆ ಬೇರೆ ಹೆಸರುಗಳು. ಹೀಗೆ ಮ್ಯಾಕ್‌ನಲ್ಲಿ ಗೆದ್ದ ಪರೀಕ್ಷೆ ಲಿನಕ್ಸ್‌ನಲ್ಲಿ ‘ಕೋಶ ಇಲ್ಲ’ ಎನ್ನಬಹುದು. ಪಕ್ಕದಲ್ಲಿಯೇ ‘ಕೋಶ’ ಎಂದು ಕಾಣುವ ಕಡತ ಇದ್ದರೂ ಸಹ. ‘ರಾಜ್‌ಕುಮಾರ್’ ಎಂಬಲ್ಲಿ ಒತ್ತಕ್ಷರವಾಗದಂತೆ ತಡೆಯಲು ಬಳಸುವ ಅಗೋಚರ ಚಿಹ್ನೆಯೂ ಕಡತನಾಮದಲ್ಲಿ ಸೇರಿದರೆ ಇಂಥದೇ ಕಾಟ ಕೊಡುತ್ತದೆ. ಓಕಾರದ ಭೇದಕ್ಕೆ ಮದ್ದು, ಹೆಸರಿಡುವಾಗಲೇ ನಾರ್ಮಲೈಸ್ ಎಂಬ ಕ್ರಿಯೆಯಿಂದ ಕೂಡಿಸಿದ ರೂಪಕ್ಕೆ ತರುವುದು. ಅಗೋಚರ ಚಿಹ್ನೆಯನ್ನು ಆ ಕ್ರಿಯೆ ತೆಗೆಯುವುದಿಲ್ಲವಾದುದರಿಂದ ಅಂಥ ಚಿಹ್ನೆ ಬೇಕಾಗದ ಹೆಸರನ್ನೇ ಆರಿಸಿಕೊಳ್ಳುವುದು ಲೇಸು. ‘ದತ್ತ’ದೊಳಗಿನ ಪ್ರತಿಯೊಂದು ಹೆಸರೂ ಎನ್‌ಎಫ್‌ಸಿ ರೂಪದಲ್ಲಿದೆಯೇ ಎಂದು ನೋಡುವ ಒಂದು ಚಿಕ್ಕ ಪರೀಕ್ಷೆಯನ್ನೇ ಬರೆದಿಟ್ಟರೆ ಮುಂದಿನ ತಂಡಕ್ಕೆ ಈ ಕಥೆಯನ್ನು ಹೇಳಬೇಕಾದ ಪ್ರಮೇಯವೇ ಬಾರದು.

ಹೆಸರು ತೀರ ಉದ್ದವಾಗಬಾರದೆಂಬ ಮಿತಿಯೂ ಉಂಟು. ಲಿನಕ್ಸ್‌ನಲ್ಲಿ ಒಂದು ಕಡತನಾಮಕ್ಕೆ ಸಾಮಾನ್ಯವಾಗಿ 255 ಬೈಟುಗಳ ಅವಕಾಶ. ಕನ್ನಡದಲ್ಲಿ ಅದು 85 ಸಂಕೇತಗಳಿಗೆ ಮುಗಿಯುತ್ತದೆ. ಗಾದೆಯನ್ನೇ ಹೆಸರಾಗಿಡುವವರು ಗಮನಿಸಬೇಕು.

ಇಂಗ್ಲಿಷ್ ಹೆಸರುಗಳ ಪರವಾಗಿ ವಾದಿಸುವವರು ಮರೆಯುವ ಸಂಗತಿಯೊಂದಿದೆ. ರೋಮನ್ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳಿವೆ. ವಿಂಡೋಸ್ ಮತ್ತು ಮ್ಯಾಕ್ ತಮ್ಮ ಸಾಮಾನ್ಯ ಸ್ಥಿತಿಯಲ್ಲಿ ಈ ಭೇದವನ್ನು ಎಣಿಸುವುದಿಲ್ಲ, ಲಿನಕ್ಸ್ ಎಣಿಸುತ್ತದೆ. ಮೊದಲಕ್ಷರ ದೊಡ್ಡದಾಗಿ ಬರೆದ ಕಡತವನ್ನು ಚಿಕ್ಕಕ್ಷರದಿಂದ ಕರೆದರೆ ಮನೆಯ ಯಂತ್ರದಲ್ಲಿ ಪರೀಕ್ಷೆ ಗೆಲ್ಲುತ್ತದೆ, ಸರ್ವರಿನಲ್ಲಿ ಸೋಲುತ್ತದೆ. ಹಾದಿಯ ದೋಷಗಳಲ್ಲಿ ಇದು ಅತ್ಯಂತ ಪ್ರಸಿದ್ಧವಾದವುಗಳಲ್ಲಿ ಒಂದು. ಕನ್ನಡಕ್ಕೆ ಈ ಭೇದವೇ ಇಲ್ಲದಿರುವುದರಿಂದ ಕನ್ನಡ ಹೆಸರಿಗೆ ಈ ರೋಗ ತಟ್ಟುವುದಿಲ್ಲ. ಮೇಲಾಗಿ ಕನ್ನಡ ಪದಗಳನ್ನು ರೋಮನ್ ಲಿಪಿಗೆ ಇಳಿಸುವಾಗ ‘ಆದೇಶ’ದ ಆಕಾರಕ್ಕೆ ಒಂದು ಎ ಅಕ್ಷರವೋ ಎರಡೋ, ‘ಲೋಪ’ದ ಓಕಾರಕ್ಕೆ ಒಂದು ಓ ಅಕ್ಷರವೋ ಎರಡೋ ಎಂಬುದರಲ್ಲಿ ಇಬ್ಬರು ವಿದ್ಯಾರ್ಥಿಗಳು ಒಂದೇ ನಿರ್ಣಯಕ್ಕೆ ಬರುವುದು ಅಪರೂಪ. ಕನ್ನಡದಲ್ಲಿ ಬರೆದರೆ ಕಾಗುಣಿತ ಒಂದೇ.

ಹಾಗೆಂದು ಕನ್ನಡ ಹೆಸರಿಗೆ ಬೆಲೆ ತೆರಬೇಕಾಗಿಲ್ಲವೆಂದು ಹೇಳುವುದು ಪ್ರಾಮಾಣಿಕವಾಗದು. ಜೆಸ್ಟ್ ಎಂಬ ಪರೀಕ್ಷಾಸಾಧನವು ತಾನಾಗಿ ಹುಡುಕುವುದು ಟೆಸ್ಟ್ ಅಥವಾ ಸ್ಪೆಕ್ ಎಂದು ಕೊನೆಗೊಳ್ಳುವ ಹೆಸರುಗಳನ್ನು, ಇಲ್ಲವೆ ಟೆಸ್ಟ್ಸ್ ಎಂಬ ಪದವನ್ನು ಅಡಿಗೆರೆಗಳ ನಡುವೆ ಹೊಂದಿದ ಫೋಲ್ಡರನ್ನು. ಮೋಕಾ ಟೆಸ್ಟ್ ಎಂಬ ಫೋಲ್ಡರನ್ನು ನೋಡುತ್ತದೆ. ‘ಪರೀಕ್ಷೆ’ ಎಂಬ ಫೋಲ್ಡರು ಪರೀಕ್ಷೆಯದೆಂದು ಅವಕ್ಕೆ ತಿಳಿಯದು. ಹುಡುಕಬೇಕಾದ ಜಾಗವನ್ನು ಸಂಯೋಜನಾ ಕಡತದಲ್ಲಿ ಒಮ್ಮೆ ತಿಳಿಸಬೇಕು. ಹೊರಗಿನವರೊಡನೆ ಹಂಚಿಕೊಳ್ಳುವ ಗ್ರಂಥಾಲಯವನ್ನು ಕಟ್ಟುವಾಗ ಪ್ರೋಗ್ರಾಮ್ ಕಡತಗಳಿಗೆ ರೋಮನ್ ಹೆಸರುಗಳನ್ನೇ ಇಡುವುದು ಸೌಜನ್ಯವೂ ಆಗಬಹುದು. ಆದರೆ ದತ್ತಕಡತಗಳು ಕನ್ನಡ ಪಠ್ಯಗಳು; ಅವನ್ನು ತೆರೆದು ತಿದ್ದುವವರು ಕನ್ನಡಿಗರು. ಅವಕ್ಕೆ ಕನ್ನಡ ಹೆಸರೇ ತಕ್ಕದ್ದು.

ಹಾದಿಯ ಇತರ ದೋಷಗಳನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯಬಹುದು. ಇಎಸ್ ಮಾಡ್ಯೂಲ್ ಪದ್ಧತಿಯಲ್ಲಿ ಪಕ್ಕದ ಕಡತವನ್ನು ಕರೆಯುವಾಗ ಜೆಎಸ್ ಎಂಬ ಬಾಲವನ್ನು ಬಿಡುವಂತಿಲ್ಲ. ಕಡತವನ್ನು ಆಳವಾದ ಫೋಲ್ಡರಿಗೆ ಸರಿಸಿದಾಗ ಎರಡು ಚುಕ್ಕಿಗಳ ಏಣಿ ಒಂದು ಮೆಟ್ಟಿಲು ಸಾಲದಾಗುತ್ತದೆ. ಆ ಏಣಿಯನ್ನು ತಪ್ಪಿಸಲು ವೆಬ್‌ಪ್ಯಾಕ್ ಮುಂತಾದ ಸಾಧನಗಳಲ್ಲಿ ಅಡ್ಡಹೆಸರು ಇಟ್ಟುಕೊಂಡವರು ಅದನ್ನು ಜೆಸ್ಟ್‌ಗೂ ಮಾಡ್ಯೂಲ್ ನೇಮ್ ಮ್ಯಾಪರ್ ಎಂಬಲ್ಲಿ ಬೇರೆಯಾಗಿ ತಿಳಿಸಬೇಕು; ಒಬ್ಬರಿಗೆ ಹೇಳಿದ ಅಡ್ಡಹೆಸರು ಇನ್ನೊಬ್ಬರಿಗೆ ತಾನಾಗಿ ತಲುಪದು.

ಇವೆಲ್ಲಕ್ಕಿಂತ ಹೆಚ್ಚು ಭಯಪಡಬೇಕಾದದ್ದು ಸೋತ ಪರೀಕ್ಷೆಗಲ್ಲ, ಗೆದ್ದಂತೆ ನಟಿಸುವ ಪರೀಕ್ಷೆಗೆ. ಕಡತ ಸಿಗದೆ ದೋಷ ಬಂದಾಗ ಬೇಸತ್ತವರು ಅದನ್ನು ಟ್ರೈ, ಕ್ಯಾಚ್ ಎಂಬ ಬಲೆಯಲ್ಲಿ ಹಿಡಿದು, ‘ಕಡತ ಸಿಗದಿದ್ದರೆ ಖಾಲಿ ಪಟ್ಟಿ ಎಂದು ತಿಳಿ’ ಎಂದು ಬರೆದುಬಿಡುವುದುಂಟು. ಆಗ ಕೆಂಪು ಹೋಗಿ ಹಸಿರು ಬರುತ್ತದೆ. ಒಂದೇ ಪರೀಕ್ಷೆಯೊಳಗೆ ಪಟ್ಟಿಯ ಒಂದೊಂದು ಉದಾಹರಣೆಯನ್ನೂ ಸುತ್ತಿ ನೋಡುವಂತೆ ಬರೆದಿದ್ದರೆ, ಪಟ್ಟಿ ಖಾಲಿಯಾದಾಗ ಸುತ್ತುವುದಕ್ಕೆ ಏನೂ ಇಲ್ಲ, ಹೋಲಿಸುವುದಕ್ಕೆ ಏನೂ ಇಲ್ಲ, ಆದ್ದರಿಂದ ತಪ್ಪೂ ಇಲ್ಲ. ‘ಮಳೆ’, ‘ಕಾಲ’ ಸೇರಿ ‘ಮಳೆಕಾಲ’ ಎಂದೇ ಪ್ರೋಗ್ರಾಮ್ ಹೇಳುತ್ತಿದ್ದರೂ ಪರೀಕ್ಷೆ ತೇರ್ಗಡೆ. ಒಂದೂ ಉತ್ತರಪತ್ರಿಕೆಯನ್ನು ತೆರೆಯದೆ ಎಲ್ಲರೂ ಉತ್ತೀರ್ಣರೆಂದು ಫಲಿತಾಂಶ ಪ್ರಕಟಿಸಿದಂತೆ ಇದು. ಆದುದರಿಂದ ದತ್ತವನ್ನು ಓದಿದ ಕೂಡಲೇ, ಬಂದ ಉದಾಹರಣೆಗಳ ಸಂಖ್ಯೆ ಸೊನ್ನೆಗಿಂತ ಹೆಚ್ಚಿದೆಯೇ ಎಂದು ಪರೀಕ್ಷೆಯೇ ಕೇಳಬೇಕು. ಸಾಧ್ಯವಾದರೆ ನಿಶ್ಚಿತ ಸಂಖ್ಯೆಯನ್ನೇ ಕೇಳಬೇಕು. ಕಡತ ಸಿಗದಿದ್ದರೆ ಪರೀಕ್ಷೆ ಜೋರಾಗಿ ಸೋಲಲಿ. ಆ ಕೆಂಪು ಸಂದೇಶವನ್ನು ಮುಚ್ಚಿಡುವುದು ಶಿಸ್ತಲ್ಲ.

ಕಾಸರಗೋಡಿನಂತಹ ಕಡೆಗಳ ಕನ್ನಡ ವಿಭಾಗಗಳಿಗೆ ಈ ವಿಷಯದಲ್ಲಿ ಒಂದು ಅನುಕೂಲವೂ ಇದೆ. ಕೇರಳದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಕೈಟ್ ಸಂಸ್ಥೆಯು ಉಬುಂಟು ಆಧಾರಿತ ಲಿನಕ್ಸ್ ವ್ಯವಸ್ಥೆಯನ್ನು ಬಳಕೆಗೆ ತಂದಿದೆ. ಅಲ್ಲಿನ ಕನ್ನಡ ಮಾಧ್ಯಮದಲ್ಲಿ ಕಲಿತವರು ಲಿನಕ್ಸ್‌ಗೆ ಹೊಸಬರಲ್ಲ. ಮನೆಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇರುವುದು ಸಾಮಾನ್ಯ. ಎರಡು ವ್ಯವಸ್ಥೆಗಳ ನಡುವೆ ಓಡಾಡುವ ವಿದ್ಯಾರ್ಥಿಗೆ ಹಾದಿಯ ಭೇದಗಳು ಪುಸ್ತಕದ ಸಂಗತಿಗಳಲ್ಲ. ಭಾಷೆ ಮತ್ತು ತಂತ್ರಜ್ಞಾನ ಎಂಬ ಹೆಸರಿನಲ್ಲಿ ನಡೆಯುವ ತರಗತಿಗಳು ಟೈಪಿಸುವುದನ್ನೂ ಫಾಂಟು ಬದಲಿಸುವುದನ್ನೂ ಕಲಿಸುವುದಕ್ಕೆ ನಿಲ್ಲಬಾರದು. ಒಂದು ತರಗತಿಯ ಅವಧಿಯಲ್ಲಿ ಸಂಧಿಯ ಹತ್ತು ಉದಾಹರಣೆಗಳುಳ್ಳ ಒಂದು ದತ್ತಕಡತವನ್ನೂ ಅದನ್ನು ಓದುವ ಒಂದು ಪರೀಕ್ಷೆಯನ್ನೂ ಬರೆಯಿಸಬಹುದು. ಅನಂತರ ಆ ಫೋಲ್ಡರನ್ನು ಹಾಗೆಯೇ ಇನ್ನೊಬ್ಬರ ಯಂತ್ರಕ್ಕೆ, ಹೆಸರಿನ ನಡುವೆ ಖಾಲಿ ಜಾಗವಿರುವ ಒಂದು ಫೋಲ್ಡರಿನೊಳಗೆ ನಕಲಿಸಬೇಕು. ಮುಖ್ಯ ಫೋಲ್ಡರಿನಲ್ಲಿ ನಿಂತು ಒಮ್ಮೆ, ‘ಪರೀಕ್ಷೆ’ಯೊಳಗೆ ನಿಂತು ಒಮ್ಮೆ, ಸಂಬಂಧವೇ ಇಲ್ಲದ ಮೂರನೆಯ ಫೋಲ್ಡರಿನಲ್ಲಿ ನಿಂತು ಇನ್ನೊಮ್ಮೆ, ಕಡತದ ಹೆಸರು ಹೇಳಿ ನೋಡ್ ಆದೇಶದಿಂದಲೇ ಓಡಿಸಿ ನೋಡಬೇಕು. ಕೊನೆಗೆ ‘ಆದೇಶ’ ಎಂಬ ಕಡತವನ್ನು ಬೇಕೆಂದೇ ಬೇರೆಡೆಗೆ ಸರಿಸಿ, ಪರೀಕ್ಷೆ ಸೋಲುತ್ತದೆಯೇ ಎಂಬುದನ್ನೂ ನೋಡಬೇಕು.